ಜೊಂಡಿನ ಮಾತು ಮೊದಲು ಆಡಿದ್ದು ಯಾರು

ಮೊದಲ ಮಹಾಯುದ್ಧದ ಕಾಲದಲ್ಲಿ ಆಫ್ರಿಕಾದ ದಕ್ಷಿಣ ಭಾಗದ ವಸಾಹತುಗಳ ಸೈನಿಕರು ಗಡಿ ದಾಟಿ ನಡೆಸಿದ ಸಣ್ಣ ದಾಳಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ. ಮೂರನೆಯ ಅಧ್ಯಾಯದ ದಾಳಿಯ ಬಗ್ಗೆ ಉಳಿದಿರುವುದು ಒಬ್ಬ ಅಧಿಕಾರಿಯ ಚುಟುಕು ವರದಿ ಮಾತ್ರ. ಹೊಳೆ ದಾಟಿದ್ದು, ಕಣಜ ಸುಟ್ಟದ್ದು, ದನ ಹೊಡೆದುಕೊಂಡು ಬಂದದ್ದು. ಸುಟ್ಟುಹೋದ ಊರಿನವರದು ಒಂದು ಮಾತೂ ಅದರಲ್ಲಿಲ್ಲ.

ಆ ಒಂದು ಮಾತು, ನಾನಿರುವ ರೌಂಡ್ ರಾಕ್ ಊರಿನಿಂದ ಮೂರು ಗಂಟೆಯ ದಾರಿಯ ಪ್ಲೇನೋದಲ್ಲಿ ಸಿಕ್ಕಿತು ಎಂದುಕೊಂಡಿದ್ದೆ. ಅಲ್ಲಿರುವ ಉಡುಪಿ ಕಡೆಯ ಡಾಕ್ಟರ್ ಅಂಕಲ್ ಪ್ರಾಯದಲ್ಲಿ ಜಾಂಬಿಯಾದ ಆ ಹೊಳೆಯ ಹತ್ತಿರದ ಆಸ್ಪತ್ರೆಯಲ್ಲಿದ್ದವರು. ಅವರ ರೋಗಿಯಾಗಿದ್ದ ಒಬ್ಬ ಅಜ್ಜಿ ತನ್ನ ಬಾಲ್ಯದ ನೆನಪೊಂದನ್ನು ಹೇಳಿದ್ದಳಂತೆ. ಸೈನಿಕರು ಬಂದಾಗ ತಾಯಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಜೊಂಡಿನ ನಡುವೆ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತಿದ್ದಳು.

ಕಳೆದ ವಾರ ರೌಂಡ್ ರಾಕಿನ ಮನೆಯಲ್ಲಿ ಹಳೆಯ ಟಿಪ್ಪಣಿಗಳನ್ನು ತಿರುವುತ್ತಿದ್ದಾಗ ಅದೇ ದೃಶ್ಯ ಮತ್ತೆ ಎದುರಾಯಿತು. ಜೊಂಡು, ಕುತ್ತಿಗೆಮಟ್ಟದ ನೀರು, ತಾಯಂದಿರು. ಆದರೆ ಅದು ಬೇರೆ ದಾಳಿ, ಬೇರೆ ಹೊಳೆ. ಪ್ಲೇನೋಗೆ ಹೋಗುವ ಮೊದಲೇ ನಾನು ಅದನ್ನು ಓದಿದ್ದೆ. ಹಾಗಾದರೆ ಅಂಕಲ್‌ಗೆ ಅದನ್ನು ಹೇಳಿದವಳು ನಾನೇ ಇರಬಹುದೇ?

ಆ ಮೊದಲ ಭೇಟಿಯಲ್ಲಿ ಬಾಗಿಲಲ್ಲೇ ಆಂಟಿ, “ಕೈ ತೊಳ್ಕೊಂಡು ಬಾ, ದೋಸೆ ಆರ್ತದೆ,” ಎಂದಿದ್ದರು. ಹಿರಿಯರ ಎದುರು ತಟ್ಟೆಯ ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಮಾಡಲು ನನಗೆ ಮನಸ್ಸಾಗಲಿಲ್ಲ. ಕಾಫಿ ಬಂದ ಮೇಲೆ ಆನ್ ಮಾಡಿದೆ. ಅಷ್ಟರಲ್ಲಿ ಇಬ್ಬರೂ ಎಲ್ಲವನ್ನೂ ಒಮ್ಮೆ ಆಡಿ ಮುಗಿಸಿದ್ದೆವು. ಆ ದಿನದ ಡೈರಿ ತೆಗೆದು ನೋಡಿದರೆ, ನೀರುದೋಸೆ ಮೆತ್ತಗಿತ್ತು ಎಂದು ಬರೆದಿದ್ದೇನೆ.

ಶನಿವಾರ ಮತ್ತೆ ಡ್ರೈವ್ ಮಾಡಿಕೊಂಡು ಹೋದೆ. ಈ ಸಲ ಕೂತ ಕೂಡಲೇ ಕೇಳಿದೆ. “ಅಂಕಲ್, ಜೊಂಡಿನ ವಿಷಯ ಮೊದಲು ಹೇಳಿದ್ದು ನೀವಾ, ನಾನಾ?”

“ಇದೆಂಥ ಪ್ರಶ್ನೆ ಮಾರಾಯ್ತಿ? ಅಜ್ಜಿ ಹೇಳಿದ್ದು ನನ್ನ ಹತ್ರ ಅಲ್ವಾ?”

ಅಡುಗೆಮನೆಯಿಂದ ಆಂಟಿಯ ದನಿ ಬಂತು. “ಕನ್ನಡಕ ಎಲ್ಲಿಟ್ಟದ್ದು ಅಂತ ಗೊತ್ತಿಲ್ಲ ಇವರಿಗೆ. ಜಾಂಬಿಯಾದ ಹೊಳೆ ಮಾತ್ರ ಚೆನ್ನಾಗಿ ನೆನಪುಂಟು!”

ಅಂಕಲ್ ನಕ್ಕರು. ನಾನು ಆ ಇನ್ನೊಂದು ಹೊಳೆಯ ವಿಷಯ ಹೇಳಿದೆ. ಅವರ ನಗು ನಿಂತಿತು.

“ಹಾಗಾದ್ರೆ ಅಜ್ಜಿ ನನ್ನ ಹತ್ರ ಏನು ಹೇಳಿದ್ದು?” ಎಂದು ಅಲ್ಲಿ ಇದ್ದವಳು ನಾನೇ ಎಂಬಂತೆ ನನ್ನನ್ನೇ ಕೇಳಿದರು.

“ಜೊಂಡು, ನೀರು ಬಿಟ್ಟು ಬೇರೇನಾದ್ರೂ ನೆನಪಿದೆಯಾ?”

ಅವರು ಕಣ್ಣು ಮುಚ್ಚಿದರು. “ನಾಡಿ ನೋಡ್ಲಿಕ್ಕೆ ಕೈ ಹಿಡಿದಿದ್ದೆ. ಅವಳು ಕೈ ಬಿಡಿಸ್ಕೊಂಡು ಹೀಗೆ ತೋರಿಸಿದ್ಲು, ಇಲ್ಲಿವರೆಗೆ ಅಂತ.” ತಮ್ಮ ಎಡಗೈಯನ್ನು ಕುತ್ತಿಗೆಗೆ ಅಡ್ಡವಾಗಿ ಹಿಡಿದರು. “ಅವಳ ಭಾಷೆ ನನಗೆ ಎಲ್ಲಿ ಬರ್ತಿತ್ತು? ನರ್ಸ್ ಇಂಗ್ಲಿಷಲ್ಲಿ ಹೇಳ್ತಿದ್ಲು. ನೀರು ಅಂದ್ಲಾ... ಗೊತ್ತಿಲ್ಲ.” ಕಣ್ಣು ತೆರೆದು ಕೇಳಿದರು. “ಈಗ ಅವಳನ್ನ ಪುಸ್ತಕದಿಂದ ತೆಗೀತೀಯಾ?”

“ಇಲ್ಲ ಅಂಕಲ್,” ಎಂದೆ. ಹೇಗೆ ಉಳಿಸುವುದೆಂದು ಗೊತ್ತಿರಲಿಲ್ಲ.

ಮರುದಿನ ಅಧ್ಯಾಯದಿಂದ ಜೊಂಡನ್ನೂ ನೀರನ್ನೂ ತೆಗೆದೆ. ಅಜ್ಜಿಯೊಬ್ಬಳು ಕುತ್ತಿಗೆಗೆ ಅಡ್ಡವಾಗಿ ಕೈ ಹಿಡಿದು ಏನನ್ನೋ ತೋರಿಸಿದಳು ಎಂಬಷ್ಟನ್ನು ಮಾತ್ರ ಉಳಿಸಿದೆ. ಫೋನಿನಲ್ಲಿ ಓದಿ ಹೇಳಿದಾಗ ಅಂಕಲ್, “ಇದ್ದಾಳಲ್ಲ, ಸಾಕು,” ಎಂದರು.

ಆದರೂ ಅಧ್ಯಾಯವನ್ನು ಪ್ರಕಾಶಕರಿಗೆ ಇನ್ನೂ ಕಳುಹಿಸಿಲ್ಲ. ಶನಿವಾರ ಅಂಕಲ್‌ರ ಎರಡೂ ಕೈ ಖಾಲಿಯಿದ್ದವು, ಅವರು ಬಲಗೈಯವರು. ಆದರೂ ತೋರಿಸಿದ್ದು ಎಡಗೈಯಿಂದ. ಎಡಗೈಯಲ್ಲಿ ತೋರಿಸುವುದು ಬಲಗೈ ಎಂಜಲಾಗಿದ್ದಾಗ. ಹಾಗಾದರೆ ಆ ಸನ್ನೆಯೂ ಅಜ್ಜಿಯದಲ್ಲದೆ ನಮ್ಮ ದೋಸೆಯ ತಟ್ಟೆಯ ಮುಂದಿನದೇ ಇರಬಹುದೇ? ಮೊದಲ ದಿನ ದೋಸೆ ತಿನ್ನುತ್ತಾ, ನೀರು ಎಲ್ಲಿವರೆಗಿತ್ತೆಂದು ಹಾಗೆ ತೋರಿಸಿದ್ದು ಅವರೋ ನಾನೋ, ಎಷ್ಟು ಯೋಚಿಸಿದರೂ ಆ ಕೈ ಯಾರದೆಂದು ಕಾಣುತ್ತಿಲ್ಲ.