ನಾಲ್ಕಾಣೆ ಹೊಗೆ

ನಮ್ಮ ಮಿಸ್ತ್ರಿಯವರದು ಬಹಳ ದೊಡ್ಡ ಮೂಗು. ಬಾಗಿಲು ತೆರೆದರೆ ಮೊದಲು ಮೂಗು ಒಳಗೆ ಬರುತ್ತಿತ್ತು, ಅದರ ಹಿಂದೆ ದಾರ ಕಟ್ಟಿದ ಕನ್ನಡಕ, ಆಮೇಲೆ ಮನುಷ್ಯ. ನಡುವೆ ಎಲುಬು ಎದ್ದು ನಿಂತು, ತುದಿ ಗಿಣಿಯ ಕೊಕ್ಕಿನ ಹಾಗೆ ಕೆಳಕ್ಕೆ ಬಾಗಿತ್ತು. ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ನೋಡಿದ್ದರೆ 'ವಾಟ್ ಎ ನೋಬಲ್ ನೋಸ್' ಎನ್ನುತ್ತಿದ್ದರೋ ಏನೋ. ಅಂಥ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಮುಚ್ಚಿದ ಕೋಣೆಗಳಲ್ಲಿ ಕೂತು ಥಿನ್ನರು, ಪೆಟ್ರೋಲು, ಬೆಸುಗೆಯ ಹೊಗೆ ಕುಡಿದು ಕುಡಿದು ಅದು ಎಂದೋ ಸತ್ತುಹೋಗಿತ್ತು.

"ಮೂಗು ರಿಟೈರ್ ಆಗೇತ್ರಿ ಬಾಯಾರ. ಕನ್ನಡಕ ಇಡಾಕ ಅಷ್ಟ ಇಟ್ಕೊಂಡೀನಿ," ಎಂದರು ಮೊದಲ ದಿನವೇ.

ನಾನು ಅವರನ್ನು ಕರೆಸಿದ್ದು ವಾಸನೆ ತೆಗೆಯುವುದಕ್ಕೆ.

ವಾಸನೆ ಇದ್ದದ್ದು ಒಂದು ಪಿನ್‌ಬಾಲ್ ಮಷೀನಿನದು. ಎಪ್ಪತ್ತು ದಾಟಿದ ನನ್ನಂಥ ಹೆಂಗಸಿನ, ಮುಂಬೈ ಸಾಂತಾಕ್ರೂಜಿನ ಫ್ಲ್ಯಾಟಿಗೆ ಅದು ಯಾಕೆ ಬಂತು ಎಂದು ನಮ್ಮ ಬಿಲ್ಡಿಂಗಿನವರೆಲ್ಲ ಕೇಳಿದ್ದಾರೆ. ನನ್ನ ಗಂಡನಿಗೆ ಸ್ಟ್ರೋಕ್ ಆಗಿ ಎಡಗೈ ಸೋತಿತ್ತು. ಫಿಸಿಯೋಥೆರಪಿಯ ಹುಡುಗಿ ಸ್ಪಂಜಿನ ಚೆಂಡು ಕೊಟ್ಟು ಹಿಚುಕಲು ಹೇಳಿದರೆ ಅವರು ಅದನ್ನು ಕಿಟಕಿಯಿಂದ ಹೊರಗೆಸೆದರು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಯಾವ ಬಂದರಿಗೆ ಇಳಿದರೂ ಮೊದಲು ಹುಡುಕುತ್ತಿದ್ದದ್ದು ಈ ಆಟವನ್ನು. ಗಾಜಿನ ಕೆಳಗೆ ಸ್ಟೀಲಿನ ಗುಂಡು ಉರುಳಿ ಬರುತ್ತದೆ. ಪೆಟ್ಟಿಗೆಯ ಎಡಬಲದ ಗುಂಡಿಗಳನ್ನು ಒತ್ತಿದರೆ ಕೆಳಗಿನ ಎರಡು ರೆಕ್ಕೆಗಳು ಅದನ್ನು ಮೇಲಕ್ಕೆ ಬಡಿಯುತ್ತವೆ. ಎರಡೂ ಕೈ ಬೇಕೇ ಬೇಕು. "ಪರ್ಫೆಕ್ಟ್ ಆಂಟಿ," ಎಂದಳು ಹುಡುಗಿ. "ಬಟ್ ಸ್ಟಾರ್ಟ್ ಸೂನ್. ಮೊದಲ ಕೆಲವು ತಿಂಗಳು ಕೈಗೆ ಬಹಳ ಮುಖ್ಯ."

ಮೊಬೈಲಿನಲ್ಲಿ ಜಾಹೀರಾತು ನೋಡಿ ಸೆಕೆಂಡ್‌ಹ್ಯಾಂಡ್ ಒಂದನ್ನು ತರಿಸಿದೆ. ಫೋಟೋದಲ್ಲಿ ಚೆನ್ನಾಗಿಯೇ ಇತ್ತು. ಫೋಟೋಗೆ ವಾಸನೆ ಇರುವುದಿಲ್ಲ.

ಅದು ಅಂಧೇರಿಯಲ್ಲಿ ಮುಚ್ಚಿಹೋದ ಒಂದು ಕ್ಲಬ್ಬಿನ ಮಷೀನು. ನಾಲ್ಕು ಜನ ಹೊತ್ತು ತಂದು ಬಾಲ್ಕನಿಯಲ್ಲಿ ಇಳಿಸಿದ ಕ್ಷಣಕ್ಕೆ ನಾನು ಕರ್ಚೀಫು ಮೂಗಿಗೆ ಹಿಡಿದು ಒಳಗೆ ಓಡಿದೆ. ಸಿಗರೇಟಿನ ಹೊಗೆಯಾದರೆ ಹೋಗುತ್ತದೆ. ಇದು ಹೊಗೆ ಸತ್ತ ಮೇಲಿನ ವಾಸನೆ. ಮಳೆಯಲ್ಲಿ ನೆನೆದ ಆ್ಯಶ್‌ಟ್ರೇ, ಒಗೆಯದ ತಲೆದಿಂಬು, ಮುದುಕನ ಕೆಮ್ಮು, ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ ಇಪ್ಪತ್ತು ವರ್ಷ ಮುಚ್ಚಿಟ್ಟಂತೆ. ಅದರ ಮೇಲೆ ಲ್ಯಾವೆಂಡರ್ ರೂಮ್ ಫ್ರೆಶ್ನರ್ ಒಂದು ಡಬ್ಬಿ ಪೂರ್ತಿ ಹೊಡೆದೆ. ಲ್ಯಾವೆಂಡರ್ ತಿಂದು ಯಾರೋ ವಾಂತಿ ಮಾಡಿಕೊಂಡ ಹಾಗಾಯಿತು.

ಈ ವಾಸನೆ ನನಗೆ ಹೊಸದಲ್ಲ. ನನ್ನ ಗಂಡ ನಲವತ್ತು ವರ್ಷ ಸೇದಿದವರು. ಚಹಾದ ಬಸಿಯಲ್ಲಿ ಮೋಟು, ಬಾತ್‌ರೂಮಿನ ಸೋಪಿನ ತಟ್ಟೆಯಲ್ಲಿ ಮೋಟು. ಮದುವೆಯ ಹೊಸದರಲ್ಲಿ ಅವರು ಹತ್ತಿರ ಬಂದಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಅವರು ಅದನ್ನು ಲಜ್ಜೆ ಎಂದುಕೊಂಡರು. ಸ್ಟ್ರೋಕ್ ಆದ ಮೇಲೆ ಸಿಗರೇಟು ನಿಂತಿತು. ಪಾಪದ ಮಾತು, ಆದರೆ ಬರೆಯುತ್ತೇನೆ: ಆಸ್ಪತ್ರೆಯಿಂದ ಬಂದ ವಾರವೇ ನಾನು ಪರದೆಗಳನ್ನೆಲ್ಲ ಒಗೆಸಿ, ಗೋಡೆಗಳಿಗೆ ಬಣ್ಣ ಹೊಡೆಸಿ, ಮೊದಲ ಸಲ ನನ್ನ ಮನೆಯಲ್ಲಿ ಎದೆ ತುಂಬ ಉಸಿರಾಡಿದ್ದೆ. ಈಗ ಅದೇ ಹೊಗೆ ನಾಲ್ಕು ಕಾಲಿನ ಮೇಲೆ ನಡೆದು ವಾಪಸ್ಸು ಬಂದಿತ್ತು.

"ಈ ಸ್ಮೆಲ್ ಪೂರಾ ಹೋಗೋತನಕ ನಾ ಪ್ಲಗ್ ಹಾಕಂಗಿಲ್ಲ," ಎಂದು ಗಂಡನಿಗೆ ಹೇಳಿದೆ. "ಹೋಗ್ಲಿಲ್ಲ ಅಂದ್ರ ಹಳೇ ಸಾಮಾನಿನ ಭಂಗಾರದವನಿಗೆ ಕೊಟ್ಟುಬಿಡೂದು."

ಮಷೀನು ಮಾರಿದವನೇ ಮಿಸ್ತ್ರಿಯ ನಂಬರು ಕೊಟ್ಟ. ಕ್ಲಬ್ಬಿನಲ್ಲಿ ಅದನ್ನು ರಿಪೇರಿ ಮಾಡುತ್ತಿದ್ದವರು ಅವರೇ. ಭಾನುವಾರ ಬೆಳಿಗ್ಗೆ ಅಂಧೇರಿಯಿಂದ ಲೋಕಲ್ ಹಿಡಿದು, ಬಟ್ಟೆಯ ಚೀಲದಲ್ಲಿ ಸಾಮಾನು ತುಂಬಿಕೊಂಡು ಬಂದರು. ಹಿಂದಿಯಲ್ಲಿ ಶುರು ಮಾಡಿದರು. ನಾನು ಗಂಡನ ಮೇಲೆ ಕನ್ನಡದಲ್ಲಿ ರೇಗಿದ್ದು ಕೇಳಿ ಮುಖ ಅರಳಿಸಿದರು.

"ನೀವು ನಮ್ಮ ಕಡಿಯವರೇನ್ರಿ?"

"ಧಾರವಾಡ."

"ನಾವು ಬಿಜಾಪುರದ ಕಡೇರಿ. ಮನಿಯಾಗ ದಖ್ಖನಿ, ಓಣ್ಯಾಗ ಕನ್ನಡ. ಹದಿನಾರು ವರ್ಷದಾಂವ ಬಂದೀನಿ ಮುಂಬೈಕ್ಕ." ಆಮೇಲೆ ಮಷೀನಿನ ಗಾಜಿನ ಮೇಲೆ ಬೆರಳೆಳೆದು, ಅಂಟಿದ ಫ್ರೆಶ್ನರ್ ನೋಡಿ ಮುಖ ಗಂಟಿಕ್ಕಿದರು. "ಇದೇನ್ ಬಳದೀರಿ? ವಾಸನಿ ತಗೀಬೇಕ್ರಿ, ವಾಸನಿಗೆ ಸೆಂಟು ಹೊಡದು ಮದುವಿಗೆ ಕಳಸೂದಲ್ಲ."

ಅವರು ಗಾಜು ಎತ್ತಿ, ಆಟದ ಹಲಗೆಯನ್ನು ಕಾರಿನ ಬಾನೆಟ್ಟಿನ ಹಾಗೆ ಮೇಲೆತ್ತಿ ನಿಲ್ಲಿಸಿದರು. ಒಳಗೆ ನೋಡಿದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ವೈರುಗಳ ಮೇಲೆ ಕಂದು ಬಣ್ಣದ ಮೇಣ, ಅದಕ್ಕೆ ಅಂಟಿದ ಕೂದಲು, ಜಿರಲೆಯ ಮೊಟ್ಟೆ, ಒಣಗಿದ ಒಂದು ಹಲ್ಲಿ. ಮೂಲೆಯಲ್ಲಿ ಏಳೆಂಟು ಸಿಗರೇಟಿನ ಮೋಟುಗಳು. ಪೆಟ್ಟಿಗೆಯ ಅಂಚಿನುದ್ದಕ್ಕೂ ಕಂಬಳಿಹುಳುಗಳು ಸಾಲಾಗಿ ಸತ್ತಂತೆ ಸುಟ್ಟ ಕಲೆಗಳು.

"ಆಡೂ ಮುಂದ ಎರಡೂ ಕೈ ಬೇಕಲ್ಲರಿ, ಸಿಗರೇಟು ಇಲ್ಲಿ ಇಡತಿದ್ರು," ಎಂದು ಮಿಸ್ತ್ರಿ ಒಂದೊಂದೇ ಕಲೆ ಮುಟ್ಟಿದರು. "ಇದು ಒಬ್ಬ ಶೇಟಂದು. ಇದು ಒಬ್ಬ ವಕೀಲಂದು. ನಾ ಒಂದೂ ಬೀಡಿ ಸೇದಿದಾಂವಲ್ಲ, ಇವರದೆಲ್ಲಾ ನಾನ ಸೇದೀನಿ."

ಸ್ವಲ್ಪ ಸಾಬೂನು ನೀರು, ಸ್ವಲ್ಪ ವಿನೆಗರ್, ಹಳೆಯ ಬನಿಯನ್ನಿನ ತುಂಡು. ವೈರಿಗೆ ಹನಿ ತಾಗದಂತೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸುವುದು. ಮೊದಲ ಬಕೆಟ್ಟಿನ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು. ನಾನು ಅದನ್ನು ಚೆಲ್ಲಲು ಹೋಗಿ ಎರಡು ಸಲ ಓಕರಿಸಿದೆ. ಇದರ ಅರ್ಧದಷ್ಟು ಜಿಡ್ಡಾದರೂ ನನ್ನ ಗಂಡನ ಎದೆಯಲ್ಲಿ ಈಗಲೂ ಇರಬೇಕು ಎಂಬ ಯೋಚನೆ ಬಂದು ಮೂರನೆಯ ಸಲವೂ ಓಕರಿಸಿದೆ.

ಅವರು ಒರೆಸುತ್ತಾರೆ ಸರಿ, ವಾಸನೆ ಹೋಯಿತೋ ಇಲ್ಲವೋ ಅವರಿಗೆ ತಿಳಿಯುವುದು ಹೇಗೆ? "ನಿಮ್ಮ ಮೂಗು ಕೊಡ್ರಿ," ಎಂದರು. ಒಂದೊಂದು ಭಾಗ ಬಿಚ್ಚಿ, ಒರೆಸಿ, ನನ್ನ ಮುಖದ ಮುಂದೆ ಹಿಡಿಯುವರು. "ರೂಪಾಯಿಗೆ ಎಷ್ಟಾಣೆ ಐತಿ ಹೇಳ್ರಿ." ಮೊದಲ ದಿನ ಎಲ್ಲದಕ್ಕೂ ಹದಿನಾರಾಣೆ. ಹಳೆಯ ರಬ್ಬರಿನ ಉಂಗುರಗಳನ್ನು ಮೂಗಿಗೆ ಹಿಡಿದಾಗ "ಇಪ್ಪತ್ತಾಣೆ!" ಎಂದು ಕಿರುಚಿದೆ. ಅವನ್ನು ಎಸೆದು ಹೊಸವು ಹಾಕಿದರು. ಯೋಚಿಸಿ: ಜೀವಮಾನವೆಲ್ಲ ಕರ್ಚೀಫು ಮೂಗಿಗೆ ಹಿಡಿದು ಬದುಕಿದವಳು ನಾನು, ಆರು ಭಾನುವಾರ ಊರಿನವರ ಸಿಗರೇಟಿನ ಜಿಡ್ಡಿಗೆ ಮೂಗು ಕೊಟ್ಟು ಕೂತಿದ್ದೆ.

ಮಧ್ಯಾಹ್ನ ಅವರು ತಂದ ಬುತ್ತಿ ಬಿಚ್ಚುತ್ತಿದ್ದರು. ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ. ರುಚಿ ತಿಳಿಯದವರಿಗೆ ಕುರುಕುರು ಸದ್ದು, ಖಾರ ಇಷ್ಟೇ ಊಟ. ಮೊದಲು ನಮ್ಮ ಅಡಿಗೆಮನೆಯ ಕಡೆ ಕೈ ತೋರಿಸಿ "ಇವತ್ತ ಏನು ವಾಸನಿ?" ಎಂದು ಕೇಳುವರು. ನಾನು ಹೇಳಬೇಕು, ಬರೀ 'ಸಾರು' ಎಂದರೆ ಒಪ್ಪುವುದಿಲ್ಲ. "ಒಗ್ಗರಣಿ ಮದಲ ಬಂತೋ, ಹುಣಸಿಹಣ್ಣು ಮದಲ ಬಂತೋ?" ಹೆಂಡತಿ ಇರುವವರೆಗೆ ಆಕೆ ಹೇಳುತ್ತಿದ್ದಳಂತೆ. ಮಗಳು ಮದುವೆಯಾಗಿ ಹೋದಳು, ಈಗ ಹೇಳುವವರಿಲ್ಲ.

ಒಂದು ಸಲ ಅವರು ಹೇಳಿದ್ದು ನೆನಪಿದೆ. ಅಂಧೇರಿ ಬಿಟ್ಟ ಲೋಕಲ್ ವಿಲೇಪಾರ್ಲೆಗೆ ಬಂತು ಎಂದರೆ ತಾನು ಬಾಗಿಲಿಗೆ ಬಂದು ನಿಲ್ಲುವುದು, ಬಿಸ್ಕಿಟ್ ಕಾರ್ಖಾನೆಯ ಘಮ ತನಗೆ ಈಗಲೂ ಬರುತ್ತದೆ, ಅದೊಂದೇ ವಾಸನೆ ದೇವರು ಉಳಿಸಿದ್ದಾನೆ ಎಂದು.

"ಅದು ಬಂದ್ ಆಗಿ ವರ್ಷಗಟ್ಟಲೆ ಆತಲ್ರೀ!" ಎಂದೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಹೌದೇನ್ರಿ? ಮೊನ್ನೆ ಸೈತ ಬಂತಲ್ಲರಿ ನನಗ." ಆಮೇಲೆ ಜೋರಾಗಿ ನಕ್ಕರು. "ಅಂದ್ರ ಇಷ್ಟು ವರ್ಷ ಪುಗಸಟ್ಟೆ ಬಿಸ್ಕಿಟ್ ತಿಂದೀನಿ!"

ಒಳಗಿನ ಬಣ್ಣವಿಲ್ಲದ ಪ್ಲೈವುಡ್ಡು ಎಲ್ಲಕ್ಕಿಂತ ಹೆಚ್ಚು ಹೊಗೆ ಕುಡಿದಿತ್ತು. ಅದಕ್ಕೆ ಬಿಸಿಲು ತೋರಿಸಿ, ಅಡಿಗೆ ಸೋಡಾ, ಇದ್ದಿಲಿನ ಬಟ್ಟಲು ಇಟ್ಟು, ಕೊನೆಗೆ ಅರಗಿನ ಪಾಲಿಶು ಎರಡು ಕೈ ಬಳಿದರು. "ತಗಿಯೋದೆಲ್ಲಾ ತಗದ ಮ್ಯಾಲ ಉಳದದ್ದಕ್ಕ ಬೀಗ." ಹದಿನಾರು ಹನ್ನೆರಡಾಗಿ, ಎಂಟಾಗಿ, ನಾಲ್ಕಾಯಿತು. ನಾಲ್ಕಾಣೆಗೆ ನಿಂತುಬಿಟ್ಟಿತು. ಐದನೆಯ ಭಾನುವಾರವೂ ನಾಲ್ಕು, ಆರನೆಯ ಭಾನುವಾರವೂ ನಾಲ್ಕು. ಫಿಸಿಯೋ ಹುಡುಗಿ "ನೋ ಸ್ಮೆಲ್ ಆಂಟಿ, ಪ್ಲೀಸ್ ಶುರು ಮಾಡಿ, ಬೆರಳು ಸ್ಟಿಫ್ ಆಗ್ತಿವೆ," ಎಂದಳು. ದಾಕ್ಷಿಣ್ಯಕ್ಕೆ ಹೇಳುತ್ತಾಳೆ ಎಂದುಕೊಂಡೆ. ನನ್ನ ಗಂಡ ಆಡದ ಮಷೀನಿನ ಮುಂದೆ ನಿಂತು, ಬಲಗೈಯಿಂದ ಎಡಗೈಯನ್ನು ಎತ್ತಿ ಗುಂಡಿಯ ಮೇಲಿಟ್ಟು, ಅದು ಜಾರಿ ಬೀಳುವುದನ್ನು ನೋಡುತ್ತಿದ್ದರು.

"ನಲವತ್ತು ವರ್ಷ ನನ್ನ ಜೋಡಿ ಇದ್ದಿ," ಎಂದರು ಒಂದು ದಿನ ತೊದಲುತ್ತ. "ಒಂದು ಮಷೀನ್ ಜೋಡಿ ಇರಲಿಕ್ಕೆ ಆಗವಲ್ದೇನು?"

"ನಿಮ್ಮ ಜೋಡಿ ಇದ್ದೆ ಅಂತನ ಆಗವಲ್ದು," ಎಂದೆ. ಮಿಸ್ತ್ರಿ ಅಲ್ಲೇ ಸ್ಕ್ರೂ ಬಿಗಿಯುತ್ತಿದ್ದರು.

ಏಳನೆಯ ಭಾನುವಾರ ಬಂದವರೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಕಣ್ಣು ಮುಚ್ಚರಿ ಬಾಯಾರ, ಕಣ್ಣಿದ್ರ ಮೂಗು ಅದರ ಮಾತು ಕೇಳತೈತಿ," ಎಂದರು. ನನ್ನದೇ ನ್ಯಾಪ್ಕಿನ್ನು ಕಣ್ಣಿಗೆ ಕಟ್ಟಿಕೊಂಡೆ. ಒಂದು ಹಲಗೆಯನ್ನು ಮೂಗಿನ ಹತ್ತಿರ ಹಿಡಿದರು.

"ಎಷ್ಟ್ರಿ?"

"ನಾಲ್ಕಾಣೆ."

ಇನ್ನೊಂದನ್ನು ಹಿಡಿದರು. ಅದೇ ಹಳಸಲು, ಅದೇ ತಂಬಾಕು, ಇನ್ನೂ ಗಾಢವಾಗಿ. ನನಗೆ ಮೈಯೆಲ್ಲ ಅಸಹ್ಯವಾಯಿತು. "ಛೀ, ಇದು ಆರಾಣೆ! ಇದನ್ನ ಒರಸೇ ಇಲ್ಲ ನೀವು!"

ಯಾರೋ ನಗುವ ಸದ್ದು. ಅದು ನನ್ನ ಗಂಡ. ಸ್ಟ್ರೋಕ್ ಆದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ನ್ಯಾಪ್ಕಿನ್ನು ಎಳೆದು ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ. ಮಿಸ್ತ್ರಿಯ ಒಂದು ಕೈಯಲ್ಲಿ ಮಷೀನಿನ ಒಳಗಿನ ಹಲಗೆ. ಇನ್ನೊಂದು ಕೈಯಲ್ಲಿ ನನ್ನ ಚಪಾತಿ ಮಣೆ. ಅದೇ ಬೆಳಿಗ್ಗೆ ಚಪಾತಿ ಲಟ್ಟಿಸಿ, ಬಿಸಿನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಇಟ್ಟಿದ್ದ ಮಣೆ.

ನಾನು ಅದನ್ನು ಕಿತ್ತುಕೊಂಡು ಅಡಿಗೆಮನೆಗೆ ಹೋದೆ. ಸಿಂಕಿನ ಮುಂದೆ ನಿಂತು ಮಣೆಯನ್ನು ಮೂಸಿದೆ. ಗೋಧಿಹಿಟ್ಟು, ಸ್ವಲ್ಪ ಸಾಬೂನು. ಬೇರೇನೂ ಇಲ್ಲ. ನನಗೆ ಅಸಹ್ಯವಾಯಿತು, ಆದರೆ ಈ ಸಲ ಹೊಗೆಯ ಮೇಲಲ್ಲ. ಆರು ವಾರ. ಒಂದು ಕೈಗೆ ಬಹಳ ಮುಖ್ಯವಾದ ಆರು ವಾರಗಳನ್ನು ನಾನು ಇಲ್ಲದ ನಾಲ್ಕಾಣೆಗಾಗಿ ಕಟ್ಟಿ ಇಟ್ಟಿದ್ದೆ. ವಾಸನೆ ಗಂಡನ ಮೈಯಿಂದ ಹೋದದ್ದು ನನಗೆ ಸಾಲದೇ ಹೋಗಿತ್ತು. ಆ ನಲವತ್ತು ವರ್ಷಕ್ಕೆ ಇನ್ನೂ ಏನೋ ವಸೂಲಾಗಬೇಕಿತ್ತು.

ಮಿಸ್ತ್ರಿ ಬಾಗಿಲ ಹೊರಗೆ ನಿಂತರು, ಒಳಗೆ ಬರಲಿಲ್ಲ.

"ಸಿಟ್ಟಾಗಬ್ಯಾಡ್ರಿ ಬಾಯಾರ. ನನಗ ಇಲ್ಲದ ಬಿಸ್ಕಿಟ್ಟು ಬರತಿತ್ತು, ನಿಮಗ ಇಲ್ಲದ ಹೊಗಿ ಬರತೈತಿ. ನಂದು ಸಿಹಿದು, ನಿಮ್ಮದು ಕೆಟ್ಟದ್ದು, ಅಷ್ಟ ಫರಕು. ನೀವು ಹೇಳಿದ ಮ್ಯಾಲೂ ನನಗ ಪಾರ್ಲೆದಾಗ ಇನ್ನೂ ಬರತೈತ್ರಿ. ಬಂದ್ರ ಬರಲಿ ಅಂತೀನಿ, ಆದ್ರ ಇಳ್ಯಾಂಗಿಲ್ಲ. ನನ್ನ ಸ್ಟೇಷನ್ ಮುಂದೈತಿ."

ನಾನು ಕೈ ಒರೆಸಿಕೊಂಡು ಬಂದು ಪ್ಲಗ್ ಹಾಕಿದೆ. ಮಷೀನು ಬಣ್ಣಬಣ್ಣದ ದೀಪ ಹಚ್ಚಿಕೊಂಡು ಗಂಟೆ ಬಾರಿಸಿತು. ಮೊದಲ ಗುಂಡು ಎಡಗಡೆಯಿಂದ ಸೀದಾ ಒಳಗೆ ಹೋಯಿತು. ಎರಡನೆಯದೂ. ಎಡಗೈಗೆ ಗುಂಡಿ ಒತ್ತಲು ಆಗಲಿಲ್ಲ. ಮಿಸ್ತ್ರಿ ಗುಂಡಿಯ ಸ್ಪ್ರಿಂಗು ಬಿಚ್ಚಿ ಸಡಿಲ ಮಾಡಿದರು. ಮಾರನೆಯ ವಾರ ಮತ್ತೆ ಬಂದು ಇನ್ನಷ್ಟು ಸಡಿಲ ಮಾಡಿದರು. ಮೂರನೆಯ ತಿಂಗಳು ಎಡ ರೆಕ್ಕೆ ಒಂದೇ ಒಂದು ಸಲ ಎದ್ದು ಗುಂಡನ್ನು ಬಡಿಯಿತು. ಆ ದಿನ ನನ್ನ ಗಂಡ ಮಿಸ್ತ್ರಿಗೆ ತಾವೇ ಫೋನು ಮಾಡಿದರು. ಕೈ ಪೂರ್ತಿ ಬರಲಿಲ್ಲ. ಆ ಆರು ವಾರ ಸಿಕ್ಕಿದ್ದರೆ ಬರುತ್ತಿತ್ತೇ ಎಂದು ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಶರ್ಟಿನ ಮೇಲಿನ ಎರಡು ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಉಳಿದವನ್ನು ನಾನು ಹಾಕುತ್ತೇನೆ, ಉಸಿರು ಹಿಡಿಯದೆ.

ಮಿಸ್ತ್ರಿ ಹೋದ ಸುದ್ದಿಯನ್ನು ಕಳೆದ ವರ್ಷ ಅವರ ಮಗಳು ಫೋನು ಮಾಡಿ ಹೇಳಿದಳು. ಎದೆನೋವು, ಅಷ್ಟೇ. ಅಂಧೇರಿಯಲ್ಲಿ ಅವರಿದ್ದ ಚಾಳಿನ ಮನೆಗೆ ಹೋದೆ. ಗ್ಯಾಲರಿಯ ತುಂಬ ಜನ. ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು. ಹೊಗೆ ಎಂದರೆ ಮುಖ ತಿರುಗಿಸುವವಳು ನಾನು; ಅಲ್ಲಿ ನಿಂತು ಆಳವಾಗಿ ಎಳೆದುಕೊಂಡೆ. ಮೊದಲು ಲೋಬಾನ ಬಂತು, ಆಮೇಲೆ ಗುಲಾಬಿ, ಕೊನೆಗೆ ಪಕ್ಕದ ಮನೆಯ ಬೆಳ್ಳುಳ್ಳಿ ಒಗ್ಗರಣೆ. ಕ್ರಮ ತಪ್ಪದಂತೆ ಅವರಿಗೆ ಮನಸ್ಸಿನಲ್ಲೇ ಹೇಳಿದೆ.

ನಮ್ಮ ಬಾಲ್ಕನಿಯ ಮಷೀನಿನಲ್ಲಿ ನನಗೆ ಈಗಲೂ ನಾಲ್ಕಾಣೆ ಹೊಗೆ ಬರುತ್ತದೆ. ಪ್ರತಿದಿನ ಬೆಳಿಗ್ಗೆ ಬರುತ್ತದೆ, ಅಸಹ್ಯವೂ ಆಗುತ್ತದೆ. ಗಂಡ ಕುರ್ಚಿಯಿಂದಲೇ ಕೇಳುತ್ತಾರೆ, "ಎಷ್ಟಾಣೆ?"

"ಏನೂ ಇಲ್ಲ," ಎನ್ನುತ್ತೇನೆ. ನನ್ನ ಮೂಗಿಗಿಂತ ನನಗೆ ಆ ಸತ್ತ ಮೂಗಿನ ಮೇಲೆ ನಂಬಿಕೆ. ಪ್ಲಗ್ ಹಾಕುತ್ತೇನೆ.