ಊರುಗೋಲಕ್ಕ ಭಾರ ಹಾಕಿದ್ದು

ಊರುಗೋಲಕ್ಕನ ಜೊತೆ ಮೊದಲ ಮಾತುಕತೆ ಏರ್ಪಟ್ಟದ್ದು ಆಕೆಯ ಒಪ್ಪಿಗೆಯಿಂದಲ್ಲ, ಆಕೆಯ ಯಜಮಾನರ ಒಳಸಂಚಿನಿಂದ. ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರ ಬದುಕನ್ನು ಅವರವರ ಮಾತಿನಲ್ಲೇ ದಾಖಲಿಸುವ ಕೆಲಸ ನಡೆದಿತ್ತು. ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ಅಕ್ಕ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನನ್ನದೇನು ಕತೆ ಇದೆ ಅಂತ? ಜನ ಬಂದ್ರು, ನಡೆಯೋದು ಕಲಿತ್ರು, ಹೋದ್ರು. ನಾನು ಅಲ್ಲೇ ನಿಂತಿದ್ದೆ." ಸ್ವಲ್ಪ ಹೊತ್ತಿಗೆ ಅದೇ ಮನೆಯಿಂದ ಗಂಡಸಿನ ದನಿಯೊಂದು ಪಿಸುಮಾತಿನಲ್ಲಿ ಮರಳಿ ಕರೆ ಮಾಡಿತು. "ಶನಿವಾರ ಮಧ್ಯಾಹ್ನ ಬನ್ನಿ. ಅವತ್ತು ಅವಳು ಇಸ್ತ್ರಿ ಹಾಕ್ತಾಳೆ. ಪೆಟ್ಟಿಗೆ ಕಾದ ಮೇಲೆ ಅರ್ಧಕ್ಕೆ ಬಿಟ್ಟು ಏಳೋ ಹೆಂಗಸಲ್ಲ. ತಪ್ಪಿಸಿಕೊಳ್ಳೋಕೆ ದಾರಿ ಇರಲ್ಲ."

ಅವರ ಲೆಕ್ಕ ತಪ್ಪಲಿಲ್ಲ. ಎರಡನೆಯ ಮಹಡಿಯ ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ತೋಳು ಮಡಿಚಿ, ಅಕ್ಕ ಆಗಲೇ ಅಂಗಿಯೊಂದರ ಕಾಲರಿಗೆ ನೀರು ಚಿಮುಕಿಸುತ್ತಿದ್ದರು. ಬರೆದುಕೊಳ್ಳಲು ಬಂದು ಬಾಗಿಲಲ್ಲಿ ನಿಂತವರನ್ನೂ ಕಿಟಕಿಯ ಬಳಿ ಕೂತ ಗಂಡನನ್ನೂ ಒಂದೇ ನೋಟದಲ್ಲಿ ಅಳೆದರು. "ಓಹೋ, ಮನೆಯೊಳಗೇ ಇದ್ದು ಕೋಟೆ ಬಾಗಿಲು ತೆಗೆದಿರಾ?" ಎಂದು ಗಂಡನಿಗೆ ಹೇಳಿ, ಬಂದವರಿಗೆ ಕುರ್ಚಿ ತೋರಿಸಿದರು. ಯಜಮಾನರು ಮುಗುಮ್ಮಾಗಿ ಕಿಟಕಿಯಾಚೆ ನೋಡಿದರು. ಆ ಕಿಟಕಿಯ ಗಾಜನ್ನು ಕೂರಿಸಿದವರೂ ಅವರೇ. ಊರಿನ ಅರ್ಧ ಕಿಟಕಿಗಳಿಗೆ ಗಾಜು ಕೂರಿಸಿದ ಕೈ ಅದು. ಈಗ ಎಡಗೈ ಮಡಿಲಲ್ಲಿ ತಣ್ಣಗೆ ಮಲಗಿತ್ತು. ಬಲಗೈ ಮಾತ್ರ ಹೆಂಡತಿಯ ಪ್ರತಿ ಮಾತಿಗೂ ತಿದ್ದುಪಡಿ ಸೂಚಿಸಲು ಸದಾ ಸಿದ್ಧವಾಗಿತ್ತು.

ಅಕ್ಕ ಹರೆಯದಲ್ಲೇ ಕ್ರೈಸ್ತ ಸಭೆಯವರು ನಡೆಸುವ ಆಸ್ಪತ್ರೆಯೊಂದರ ವ್ಯಾಯಾಮ ಕೊಠಡಿಗೆ ಸಹಾಯಕಿಯಾಗಿ ಸೇರಿದವರು. ಉದ್ದನೆಯ ಕೋಣೆ, ಒಂದು ಗೋಡೆಗೆ ಪೂರ್ತಿ ಕನ್ನಡಿ, ನಡುವೆ ಸೊಂಟದೆತ್ತರದ ಎರಡು ಕಬ್ಬಿಣದ ಕಂಬಿಗಳು. ಕಾಲು ಮುರಿದವರು, ಕಾಲು ಕಳೆದುಕೊಂಡು ಮರದ ಕಾಲು ಕಟ್ಟಿಸಿಕೊಂಡವರು, ಲಕ್ವ ಹೊಡೆದವರು ಆ ಕಂಬಿಗಳ ನಡುವೆ ನಿಲ್ಲುತ್ತಿದ್ದರು. ಅವರ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಹಿಂದಿನಿಂದ ಅದನ್ನು ಹಿಡಿದು ನಡೆಸುವುದು ಅಕ್ಕನ ಕೆಲಸ. ಒಂದು ಕಾಲು ಕಳೆದುಕೊಂಡ ಲಾರಿ ಚಾಲಕನೊಬ್ಬ, ತನಗೆ ಕೊಟ್ಟ ಊರುಗೋಲನ್ನು ಮೂಲೆಗೆಸೆದು "ಇದು ಬೇಡ, ಈ ಅಕ್ಕನೇ ಸಾಕು" ಎಂದನಂತೆ. ಅಂದಿನಿಂದ ಹೆಸರು ಊರುಗೋಲಕ್ಕ. ಸಂಬಳದ ದಿನವೂ ಗುಮಾಸ್ತರು ಹಾಗೆಯೇ ಕೂಗುತ್ತಿದ್ದರು.

ಪಟ್ಟಿ ಬಿಗಿಯುವುದಕ್ಕೆ ಮೊದಲು ಅಕ್ಕ ರೋಗಿಯ ಕಾಲುಗುರು ನೋಡುತ್ತಿದ್ದರು. ಉಗುರು ಬೆಳೆದಿದ್ದರೆ ಪಾದ ಊರುವಾಗ ನೋಯುತ್ತದೆ, ನೋವಿಗೆ ಹೆದರಿ ಮನುಷ್ಯ ಕುಂಟುತ್ತಾನೆ. ಆದ್ದರಿಂದ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು, ನೆಲದ ಮೇಲೆ ಕೂತು, ಯಾರೆಂದು ಕೇಳದೆ ಉಗುರು ಕತ್ತರಿಸುತ್ತಿದ್ದರು. ಆಮೇಲೆ ಪಟ್ಟಿ. ಪಟ್ಟಿಯ ಕೊಂಡಿ ಹಾಕುವಾಗ ತುಟಿ ಅಲುಗುತ್ತಿತ್ತು. ಏನು ಮಂತ್ರ ಅದು ಎಂದು ರೋಗಿಗಳು ಕೇಳಿದರೆ ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಇಸ್ತ್ರಿಯ ಮೇಜಿನ ಮುಂದೆ ಹೇಳಿದರು: "ಅಂಥದ್ದೇನಿಲ್ಲ. ಕರ್ತನೇ, ನೀನು ಆ ಕಡೆ ಹಿಡಿ, ನಾನು ಈ ಕಡೆ ಹಿಡೀತೀನಿ. ಅಷ್ಟೇ."

"ದೇವರಿಗೇ ಕೆಲಸ ಹಂಚೋಳು," ಎಂದರು ಯಜಮಾನರು.

ಆ ಕೊಠಡಿಯಲ್ಲಿ ದಿನವಿಡೀ ಕೇಳುತ್ತಿದ್ದ ಮಾತು ಒಂದೇ: "ಭಾರ ಹಾಕಿ." ಜಡವಾದ ಕಾಲಿನ ಮೇಲೆ ಮೈಭಾರ ಬೀಳದೆ ಆ ಕಾಲು ಎಚ್ಚರಗೊಳ್ಳುವುದಿಲ್ಲ. ಆದರೆ ಹೆದರಿದ ಮನುಷ್ಯ ಉಪಾಯಗಾರ. ಪಾದವನ್ನು ನೆಲಕ್ಕೆ ತಾಗಿಸಿ, ಭಾರವನ್ನೆಲ್ಲ ಕಂಬಿ ಹಿಡಿದ ಕೈಗಳಿಗೆ ಹಾಕಿ, "ಹಾಕಿದೀನಿ ಅಕ್ಕಾ, ಪೂರ್ತಿ ಹಾಕಿದೀನಿ" ಎನ್ನುತ್ತಾನೆ. ಅದನ್ನು ಪತ್ತೆ ಹಚ್ಚಲು ಪಾದದ ಕೆಳಗೆ ತೂಕದ ಯಂತ್ರವೊಂದನ್ನು ಇಡುತ್ತಿದ್ದರು. ಬಾಯಿ ಹೇಳಿದ್ದನ್ನು ಯಂತ್ರದ ಮುಳ್ಳು ಒಪ್ಪಬೇಕಲ್ಲ. ಮುಳ್ಳು ಅಲುಗದಿದ್ದರೆ ಅಕ್ಕ ಅದಕ್ಕೆ 'ಬಾಯಿಭಾರ' ಎನ್ನುತ್ತಿದ್ದರು. "ಬಾಯಲ್ಲಿ ಭಾರ ಹಾಕಿದ್ರೆ ನಾಲಿಗೆ ಗಟ್ಟಿಯಾಗುತ್ತೆ, ಕಾಲು ಗಟ್ಟಿಯಾಗಲ್ಲ" ಎಂಬ ಅವರ ಮಾತು ಆಸ್ಪತ್ರೆಯಲ್ಲಿ ಗಾದೆಯಾಗಿತ್ತು.

ಇನ್ನೊಂದು ಕಟ್ಟಳೆಯನ್ನೂ ಆಕೆಯೇ ತಂದರು: ಮನೆಯವರು ಹೊರಗೆ. ತಾಯಿ, ಹೆಂಡತಿ, ಮಗ ಯಾರೇ ಆದರೂ ಪಡಸಾಲೆಯ ಬೆಂಚಿನಲ್ಲಿ ಕೂರಬೇಕು, ಬಾಗಿಲು ಮುಚ್ಚಿರಬೇಕು. ಪ್ರೀತಿ ಇರುವ ಕೈ ಬೇಗ ಮುಂದೆ ಬರುತ್ತದೆ, ಬೀಳುವ ಮೊದಲೇ ಎತ್ತಿಬಿಡುತ್ತದೆ ಎಂಬುದು ಅವರ ಕಾರಣ. ಅತ್ತು ಕರೆದು ಒಳಗೆ ಬರಲು ನೋಡಿದವರನ್ನು ಭುಜ ಹಿಡಿದು ಬೆಂಚಿಗೆ ಕೂರಿಸಿ, "ದೇವರ ಮೇಲೆ ಭಾರ ಹಾಕಿ ಕೂತ್ಕೊಳ್ಳಿ" ಎಂದು ಬರುತ್ತಿದ್ದರು. ಸಭೆಯ ಹೆಂಗಸರ ಪ್ರಾರ್ಥನೆ ಕೂಟದಲ್ಲೂ ಯಾರ ಕಷ್ಟಕ್ಕಾದರೂ ಅದೇ ಮಾತು. ಹೇಳಿ ಹೇಳಿ ಅದು ಬಾಯಲ್ಲಿ ನುಣುಪಾಗಿತ್ತು.

ಅಕ್ಕ ನಿವೃತ್ತರಾದ ಮೇಲೆ ಒಂದು ಜನವರಿಯ ಬೆಳಿಗ್ಗೆ, ಅಂಗಡಿಯೊಂದರ ಕಿಟಕಿ ಅಳೆಯುತ್ತಿದ್ದ ಯಜಮಾನರ ಎಡಗೈಯಿಂದ ಅಳತೆ ಪಟ್ಟಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ.

ಜೀವಕ್ಕೆ ಅಪಾಯವಾಗಲಿಲ್ಲ. ಮಾತೂ ಮರಳಿತು, ಮೊದಲಿಗಿಂತ ಹೆಚ್ಚಾಗಿಯೇ ಮರಳಿತು ಎಂದು ಅಕ್ಕ ಈಗಲೂ ದೂರುತ್ತಾರೆ. ಎಡಗಾಲು ಮಾತ್ರ ಮರದ ತುಂಡಿನಂತೆ ಉಳಿಯಿತು. ನಡೆಸುವ ಕೆಲಸವನ್ನು ಆಸ್ಪತ್ರೆಗೆ ಬಿಡಲು ಅಕ್ಕ ಒಪ್ಪಲಿಲ್ಲ. ಊರಿನವರನ್ನೆಲ್ಲ ನಡೆಸಿದವಳು ಸ್ವಂತ ಗಂಡನನ್ನು ಬೇರೆಯವರ ಕೈಗೆ ಕೊಡುವುದೇ? ಮನೆಯಲ್ಲೇ ಬೆಳಿಗ್ಗೆ ಸಂಜೆ ಅಭ್ಯಾಸ ನಡೆಯಿತು. ಬಚ್ಚಲಿಗೆ, ಕಿಟಕಿಗೆ, ಮೇಜಿಗೆ ಹೋಗುವಾಗಲೆಲ್ಲ ಗಂಡನ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಸೊಂಟಕ್ಕೆ ಕೈ ಸುತ್ತಿ, "ಹಾಕಿ ರೀ, ಭಾರ ಹಾಕಿ" ಎನ್ನುತ್ತ ಸಾಗುತ್ತಿದ್ದರು. ಬೇಸಿಗೆ ಕಳೆಯಿತು. ಕಾಲು ಅಲ್ಲಿಯೇ ಇತ್ತು.

ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರಗಳಂದು, ಎಲ್ಲರೂ ಅದನ್ನು ಪಡೆಯಲು ಸಾಲಾಗಿ ಮುಂದೆ ಹೋಗುವಾಗ, ಸಭಾಪಾಲಕರು ರೊಟ್ಟಿಯನ್ನೂ ಬಟ್ಟಲನ್ನೂ ಹಿಡಿದು ಯಜಮಾನರ ಗಾಲಿಕುರ್ಚಿಯ ಬಳಿಗೆ ಇಳಿದು ಬರತೊಡಗಿದರು. "ಹೋಟೆಲಿನಲ್ಲಿ ಕೂತ ಗಿರಾಕಿ ಥರ ಅನ್ನಿಸುತ್ತೆ ಕಣೇ," ಎಂದು ಯಜಮಾನರು ಮನೆಗೆ ಬಂದು ನಕ್ಕರು. ಆ ನಗೆಯ ಹಿಂದೆ ಏನಿತ್ತೆಂದು ಅಕ್ಕನಿಗೆ ಗೊತ್ತಿತ್ತು. ಎಂಥ ದೊಡ್ಡ ಗಾಜನ್ನೂ ಇನ್ನೊಬ್ಬರಿಗೆ ಕೊಡದೆ ಮೆಟ್ಟಿಲು ಹತ್ತಿಸಿದ ಮನುಷ್ಯ ಅದು.

ಜುಲೈ ತಿಂಗಳಲ್ಲಿ ವೈದ್ಯರು ಮಂಡಿ ಮಡಿಚಿ ನೋಡಿ ಮುಖ ಗಂಟಿಕ್ಕಿದರು. ಕೀಲು ಬಿಗಿಯುತ್ತಿದೆ, ಇನ್ನು ಕೆಲವು ವಾರಗಳಲ್ಲಿ ಈ ಕಾಲು ಭಾರ ಹೊರಲು ಕಲಿಯದಿದ್ದರೆ ಮುಂದೆ ಕಲಿಯಲಾರದು, ಗಾಲಿಕುರ್ಚಿಯನ್ನೇ ಖಾಯಂ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಅಕ್ಕನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟೋ ಮನೆಯವರಿಗೆ ಅದೇ ಮಾತನ್ನು ತಾವೇ ಬಿಡಿಸಿ ಹೇಳಿದ್ದರು.

ಅಂದೇ ಗಂಡನನ್ನು ವ್ಯಾಯಾಮ ಕೊಠಡಿಗೆ ಕರೆದೊಯ್ದರು. ಅಲ್ಲಿ ಇದ್ದವಳು ಗುಬ್ಬಿ. ಅಕ್ಕನ ಕೈಕೆಳಗೆ ಪಳಗಿ ಬಹಳ ವರ್ಷ ಜೊತೆಗೆ ದುಡಿದ, ಇಬ್ಬರು ಮಕ್ಕಳ ತಾಯಿ. ಮೈ ಸಣ್ಣದು, ದನಿ ದೊಡ್ಡದು. ಗುಬ್ಬಿ ತೂಕದ ಯಂತ್ರವನ್ನು ಯಜಮಾನರ ಎಡಪಾದದ ಕೆಳಗಿಟ್ಟು, "ಮನೇಲಿ ಹೇಗೆ ಹಿಡ್ಕೋತೀರೋ ಹಾಗೇ ಹಿಡ್ಕೊಳ್ಳಿ ಅಕ್ಕಾ" ಎಂದಳು. ಮುಳ್ಳು ಅಲುಗಲಿಲ್ಲ.

"ಹಾಕಿದೀನಲ್ಲಮ್ಮಾ," ಎಂದರು ಯಜಮಾನರು.

"ಹಾಕಿದೀರಿ ಅಣ್ಣ. ಎಲ್ಲಿಗೆ ಹಾಕಿದೀರಿ ಅಂತ ನೋಡೋಣ." ಗುಬ್ಬಿ ಯಂತ್ರವನ್ನು ಎಳೆದು ಅಕ್ಕನ ಪಾದಗಳ ಕೆಳಗೆ ಸರಿಸಿದಳು. ಮುಳ್ಳು ಸರ್ರನೆ ತಿರುಗಿ ಅಕ್ಕನ ತೂಕವನ್ನು ದಾಟಿ ಎಲ್ಲೋ ಹೋಗಿ ನಿಂತಿತು. "ಅಣ್ಣನ ಭಾರ ಎಲ್ಲಾ ಇಲ್ಲಿದೆ ನೋಡಿ. ಅದಕ್ಕೇ ಅಕ್ಕನ ಕಾಲು ಇಷ್ಟು ಗಟ್ಟಿ."

ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಾನೀಲಿ ಬಿತ್ತು."

ಗುಬ್ಬಿ ಬಾಗಿಲು ತೆರೆದು ಹಿಡಿದು, ಕಣ್ಣು ತಗ್ಗಿಸಿ, ಆದರೆ ಗಟ್ಟಿಯಾಗಿಯೇ ಹೇಳಿದಳು: "ಮನೆಯವರು ಹೊರಗೆ ಅಕ್ಕಾ."

"ನನಗೇ ಹೇಳ್ತೀಯಾ?"

"ನೀವೇ ಹೇಳಿಕೊಟ್ಟಿದ್ದು."

ಜನರನ್ನು ಕೂರಿಸಿ ಮಾತ್ರ ಗೊತ್ತಿದ್ದ ಆ ಬೆಂಚಿನಲ್ಲಿ ಊರುಗೋಲಕ್ಕ ಮೊದಲ ಸಲ ಕೂತರು. ಅದು ಇಷ್ಟು ಕಿರಿದೆಂದು, ಒಂದು ಕಾಲು ಗಿಡ್ಡವೆಂದು ಆಗಲೇ ತಿಳಿದದ್ದು. ಪಕ್ಕದಲ್ಲಿ ಮಗನಿಗಾಗಿ ಕಾಯುತ್ತಿದ್ದ ಮುದುಕಿಯೊಬ್ಬರು ಸರಿದು ಜಾಗ ಕೊಟ್ಟು, "ಹೊಸಬರಾ? ಅಭ್ಯಾಸ ಆಗುತ್ತೆ ಬಿಡಿ" ಎಂದರು. ಒಳಗೆ ಪಟ್ಟಿಯ ಕೊಂಡಿ ಹಾಕಿದ ಸದ್ದು ಕೇಳಿತು. ಅಕ್ಕನ ತುಟಿ ರೂಢಿಯಂತೆ ತಾನಾಗಿಯೇ ಅಲುಗಿತು. ಕರ್ತನೇ, ನೀನು ಆ ಕಡೆ ಹಿಡಿ, ನಾನು ಈ ಕಡೆ... ಅಲ್ಲಿಗೆ ಮಾತು ನಿಂತಿತು. ಈ ಕಡೆ ಹಿಡಿಯಲು ತಾವು ಅಲ್ಲಿರಲಿಲ್ಲ. ಸುಳ್ಳು ಹೇಳುವಂತಿಲ್ಲ. ಪ್ರಾರ್ಥನೆ ಮುಂದೆ ಹೋಗಲೊಲ್ಲದು. ಕೊನೆಗೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಈ ಕಡೆ ಯಾರೂ ಇಲ್ಲ. ಎರಡೂ ಕಡೆ ನೀನೇ ಹಿಡ್ಕೋ" ಎಂದರು.

ಹಾಗೆಂದ ಮರುಕ್ಷಣವೇ ಒಳಗೆ ಧಡ್ ಎಂದು ಬಿದ್ದ ಸದ್ದು.

ಅಕ್ಕ ಎದ್ದರು. ಕೈ ಬಾಗಿಲ ಹಿಡಿಯ ಮೇಲಿತ್ತು. ಹಿಡಿ ಅರ್ಧ ತಿರುಗಿತ್ತು ಕೂಡ. ಆಮೇಲೆ ನೆಲದ ಮಟ್ಟದಿಂದ ಯಜಮಾನರ ಮಾತು ಬಂತು: "ಗಾಜು ಒಡೀಲಿಲ್ಲ ಕಣಮ್ಮಾ, ಎತ್ತು." ಗುಬ್ಬಿ ಎತ್ತಲಿಲ್ಲ. "ನೀವೇ ಏಳಿ ಅಣ್ಣ. ಆ ಕಾಲನ್ನ ಮಡಿಚಿ, ಅದರ ಮೇಲೆ ಭಾರ ಹಾಕಿ." ಅಕ್ಕ ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಬೆಂಚಿಗೆ ಬಂದು ಕೂತರು. ಕಣ್ಣು ಒರೆಸಿಕೊಳ್ಳಲು ಮುದುಕಿ ತಮ್ಮ ಕರವಸ್ತ್ರ ಚಾಚಿದರು.

ಆ ಸಂಜೆ ಮನೆಯಲ್ಲಿ ಯಜಮಾನರು ಹೇಳಿದ ಮಾತನ್ನು ಅಕ್ಕ ಮರೆಮಾಚಲು ನೋಡಿದರು. ಕಿಟಕಿಯ ಬಳಿಯಿಂದ ಯಜಮಾನರು ಬಿಡಲಿಲ್ಲ. "ನಾನು ಹೇಳ್ತೀನಿ ಬರ್ಕೊಳ್ಳಿ. ಇಷ್ಟು ವರ್ಷ ಕೂಟದಲ್ಲಿ ದೇವರ ಮೇಲೆ ಭಾರ ಹಾಕಿ, ಭಾರ ಹಾಕಿ ಅಂತ ಉಪದೇಶ ಮಾಡಿದೆಯಲ್ಲ, ನಿನ್ನ ಪ್ರಾರ್ಥನೆ ಕೆಳಗೂ ಒಂದು ತೂಕದ ಯಂತ್ರ ಇಡಬೇಕಿತ್ತು ಅಂದೆ."

"ಇಟ್ಟಿದ್ರೆ ಮುಳ್ಳು ಅಲ್ಲಾಡ್ತಿರಲಿಲ್ಲ, ಸರಿನಾ?" ಎಂದರು ಅಕ್ಕ, ಇಸ್ತ್ರಿ ನಿಲ್ಲಿಸದೆ. "ಭಾರ ನಿನ್ನ ಮೇಲೆ ಅಂತ ಬಾಯಲ್ಲಿ ಹೇಳೋದು, ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡ್ಕೊಳ್ಳೋದು. ನನ್ನ ರೋಗಿಗಳಿಗಿಂತ ನಾನೇನೂ ಮೇಲಲ್ಲ. ನೀವೇನು ಕಡಿಮೆಯಾ? ನೀವು ದೇವರ ಹತ್ರ ಏನು ಕೇಳಿದ್ರಿ ಹೇಳಿ ಅವರಿಗೆ."

"ನಾನು ಕಾಲು ಕೇಳಲಿಲ್ಲ. ಇವಳು ಸ್ವಲ್ಪ ಹೊತ್ತು ಸುಮ್ನೆ ಕೂರೋ ಹಾಗೆ ಮಾಡಪ್ಪಾ ಅಂತ ಕೇಳಿದೆ. ಅದೇ ದೊಡ್ಡ ಪವಾಡ ಅಂತ ದೇವರಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ತಡ ಆಯ್ತು."

ವಾರಗಟ್ಟಲೆ ಅಕ್ಕ ಬೆಂಚಿನಲ್ಲಿ ಕೂತರು. ಒಳಗಿನ ಬೀಳುವ ಸದ್ದುಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಮನೆಯಲ್ಲಿ ಯಜಮಾನರು ಎದ್ದಾಗಲೆಲ್ಲ ಅಕ್ಕ ಅಡುಗೆಮನೆಗೆ ಹೋಗಿ ಇಲ್ಲದ ಪಾತ್ರೆ ತೊಳೆಯುತ್ತಿದ್ದರು, ಕಿವಿ ಮಾತ್ರ ನಡುಮನೆಯಲ್ಲೇ ಇರುತ್ತಿತ್ತು. ನಂಬಿಕೆ ಬಂತೇ ಎಂದು ಕೇಳಿದ್ದಕ್ಕೆ, "ಬರೋದು ಹೋಗೋದು ಅದಲ್ಲ. ಆ ಕಾಲಿನ ಹಾಗೇ. ದಿನಾ ಹಾಕಬೇಕು" ಎಂದರು.

ಮುಂದಿನ ಪ್ರಭುಭೋಜನದ ಭಾನುವಾರ ಯಜಮಾನರು ಕೋಲೂರಿ ಗಾಲಿಕುರ್ಚಿಯಿಂದ ಎದ್ದರು. ಹೆಂಡತಿಗೂ ಮುಂಚಿತವಾಗಿ ಹೇಳಿರಲಿಲ್ಲ. ಅಕ್ಕನ ಕೈ ಅವರ ಅಂಗಿಯ ಹಿಂಭಾಗಕ್ಕೆ ಚಾಚಿತು. ತಟ್ಟನೆ ಎಚ್ಚೆತ್ತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು ಅದುಮಿ ಕೂತರು. ಇತ್ತ ಸಭಾಪಾಲಕರು ರೂಢಿಯಂತೆ ರೊಟ್ಟಿ ಹಿಡಿದು ಕೆಳಗಿಳಿದಿದ್ದರು. ಸಾಲುಗಳ ನಡುವಿನ ದಾರಿಯಲ್ಲಿ ಇಬ್ಬರೂ ಎದುರುಬದುರಾದರು. ಒಂದು ಗಳಿಗೆ ಯಾರು ದಾರಿ ಬಿಡಬೇಕೆಂದು ಇಬ್ಬರಿಗೂ ತೋಚಲಿಲ್ಲ. "ನೀವು ವಾಪಸ್ ಹೋಗಿ ಪಾಸ್ಟರ್, ನಾನೇ ಬರ್ತಾ ಇದೀನಿ," ಎಂದರು ಯಜಮಾನರು. ಸಭಾಪಾಲಕರು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅವರನ್ನೇ ನೋಡುತ್ತ, ಮೇಜಿನವರೆಗೆ ಹೋದರು. ಹಾಡುವವರು ಹಾಡು ಮರೆತರು ಎಂದು ಗುಬ್ಬಿ ಹೇಳುತ್ತಾಳೆ. ಅಕ್ಕ ಕೇಳಿಸಿಕೊಂಡಿಲ್ಲ. ಅವರು ಗಂಡನ ಎಡಪಾದವನ್ನು ಮಾತ್ರ ನೋಡುತ್ತಿದ್ದರು.

ಇದು ಆಗಸ್ಟಿನಲ್ಲಿ ನಡೆದದ್ದೆಂದು ಅಕ್ಕ, ಸೆಪ್ಟೆಂಬರಿನಲ್ಲೆಂದು ಯಜಮಾನರು ವಾದಿಸಿದರು. ಸಭಾಪಾಲಕರನ್ನು ವಿಚಾರಿಸಿ ಖಚಿತಪಡಿಸಿಕೊಂಡಂತೆ ದಾಖಲೆ ಹೀಗಿದೆ: ೨೦೧೬ರ ಸೆಪ್ಟೆಂಬರ್ ೪, ಭಾನುವಾರ, ಬೆಳಗಿನ ಆರಾಧನೆ. ಗಾಜಿನ ಕೆಲಸದವರು ಪ್ರಭುಭೋಜನಕ್ಕೆ ನಡೆದು ಹೋಗಿ ನಡೆದು ಬಂದರು. ಅವರ ಹೆಂಡತಿ ಕೂತಲ್ಲೇ ಇದ್ದರು.