ಆಸರಿ ಕೇಳುವ ಸ್ಕ್ರಿಪ್ಟು

ಸಿದ್ದಾಪುರದ ನಮ್ಮ ಹೈಸ್ಕೂಲಿನ ಗಣಿತದ ಮಾಸ್ತರರು ಕಂಪ್ಯೂಟರಿನಲ್ಲಿ ಬರೀ ಕಪ್ಪು ಪರದೆಯೊಂದನ್ನೇ ತೆರೆಯುತ್ತಿದ್ದರು. ಅದರಲ್ಲಿ ಒಂದು ಸಾಲು ಕುಟ್ಟಿ, ಎಂಟರ್ ಒತ್ತಿ, ಮುಖ ತಿರುಗಿಸಿ ಕೂರುವರು. ಉಣ್ಣುವವರ ಬಾಯಿ ನೋಡಬಾರದಂತೆ, ಕಂಪ್ಯೂಟರಿನದ್ದೂ! ಯಾರಾದರೂ ಅವಸರಪಡಿಸಿದರೆ ಒಂದೇ ಮಾತು: "ಗಡಿಬಿಡಿ ಎಂತಕ್ಕೆ?"

ಪರೀಕ್ಷೆಯ ಅರ್ಜಿಗೆ ಮಕ್ಕಳ ಫೋಟೊಗಳನ್ನೆಲ್ಲ ಒಟ್ಟಿಗೇ ಸಣ್ಣದು ಮಾಡುವ ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಅವರೇ ಬರೆದಿದ್ದರು. ಅರ್ಜಿಯ ಕೊನೆಯ ದಿನ ಅವರು ರಜೆ. ಕರೆಂಟೂ ಹೋಗಿ ಯುಪಿಎಸ್ ಕೂಗತೊಡಗಿತ್ತು. ಅವರು ಫೋನಿನಲ್ಲಿ ಹೇಳಿದ ಸಾಲನ್ನು ಆಫೀಸಿನ ಗುಮಾಸ್ತನಾದ ನಾನು ಕುಟ್ಟಿದೆ. ಪರದೆಯ ಮೇಲೆ ಪ್ರಶ್ನೆಯೊಂದು ಬಂತು:

"ಆಸರಿಗೆ ಆತಾ?"

ಕುಡಿಯಲು ಏನಾದರೂ ಆಯಿತೇ ಎಂದು ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದೇ ಹೀಗೆ. ನಾನು ಪ್ರಾಮಾಣಿಕವಾಗಿ 'ಇಲ್ಲೆ' ಎಂದು ಒತ್ತಿದೆ.

"ಹಂಗಾರೆ ಮೊದ್ಲು ಕುಡ್ಕಂಡು ಬನ್ನಿ. ಗಡಿಬಿಡಿ ಎಂತಕ್ಕೆ?" ಎಂದು ಬರೆದು ಸ್ಕ್ರಿಪ್ಟು ನಿಂತೇಬಿಟ್ಟಿತು.

ಪಕ್ಕದಲ್ಲೇ ಕೂತಿದ್ದ ಹೆಡ್‌ಮಾಸ್ತರರು ಹಣೆ ಚಚ್ಚಿಕೊಂಡರು. "'ಆತು' ಹೇಳಿ ಒತ್ತಿ ಮಾರಾಯ್ರೆ! ಅದಕ್ಕೆಂತ ಗೊತ್ತಾಗ್ತು?"

ಮತ್ತೆ ಓಡಿಸಿ 'ಆತು' ಎಂದು ಒತ್ತಿದೆ. ಯುಪಿಎಸ್ ಕಿರುಚುತ್ತಲೇ ಇತ್ತು. ಪರದೆ ಸಾವಕಾಶವಾಗಿ ಕೇಳಿತು:

"ಎಂತ ಕುಡದ್ರಿ?"

ಹೆಡ್‌ಮಾಸ್ತರರು ಎದ್ದು ಚಹಾಕ್ಕೆ ನೀರಿಡಲು ಹೋದರು.